ಹೊಸ ಆಯಿಲ್ ಫಿಲ್ಟರ್ ಹಾಕಿದ ಮೇಲೂ ಎಣ್ಣೆ ಸೋರುವುದೇಕೆ?

ಪ್ರಶ್ನೆ: ನನ್ನ ಪೆಟ್ರೋಲ್ ಕಾರು 60,000 ಕಿ.ಮೀ. ಓಡಿದೆ. ಪ್ರತಿ ಸಲ ಎಂಜಿನ್ ಆಯಿಲ್ ಬದಲಿಸುವಾಗ ಫಿಲ್ಟರನ್ನೂ ಬದಲಿಸಬೇಕಾಗಿಲ್ಲ, ಒಂದು ಸಲ ಬಿಟ್ಟು ಒಂದು ಸಲ ಬದಲಿಸಿದರೆ ಸಾಕು ಎಂದು ಅನುಭವಸ್ಥರೊಬ್ಬರು ಹೇಳಿದರು. ಅದು ಸರಿಯೇ? ಈ ಸಲ ಎಣ್ಣೆಯನ್ನೂ ಫಿಲ್ಟರನ್ನೂ ನಾನೇ ಬದಲಿಸಿದೆ. ಮರುದಿನ ಬೆಳಿಗ್ಗೆ ಕಾರಿನ ಕೆಳಗೆ ಅಂಗೈಯಗಲದ ಎಣ್ಣೆಯ ಕಲೆ ಕಾಣಿಸಿತು. ಫಿಲ್ಟರನ್ನು ರೆಂಚ್ ಹಾಕಿ ಇನ್ನಷ್ಟು ಬಿಗಿ ಮಾಡಿದೆ. ಆದರೂ ಸೋರುವುದು ನಿಂತಿಲ್ಲ. ನಾನು ತಪ್ಪಿದ್ದು ಎಲ್ಲಿ?

ಉತ್ತರ: ನಿಮ್ಮ ಎರಡು ಪ್ರಶ್ನೆಗಳಲ್ಲಿ ಸೋರಿಕೆಯದೇ ತುರ್ತಿನದು. ಆದ್ದರಿಂದ ಅದನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ಎಣ್ಣೆ ಎಲ್ಲಿಂದ ಬರುತ್ತಿದೆ ಎಂಬುದು ಖಚಿತವಾಗುವವರೆಗೆ ದಯವಿಟ್ಟು ಕಾರನ್ನು ರಸ್ತೆಗೆ ಇಳಿಸಬೇಡಿ. ನಿಂತ ಕಾರಿನ ಕೆಳಗೆ ಹನಿಹನಿಯಾಗಿ ಬೀಳುವ ಎಣ್ಣೆ, ಎಂಜಿನ್ ಓಡುವಾಗ ಅದೇ ಸಂದಿಯಿಂದ ಹಲವು ಪಟ್ಟು ವೇಗವಾಗಿ ಹೊರಬೀಳಬಲ್ಲದು. ಕಾರಿನ ಟಯರಿನಲ್ಲಿ ನಾವು ತುಂಬುವ ಗಾಳಿಯ ಒತ್ತಡ 2 ಬಾರ್‌ಗಿಂತ ತುಸು ಹೆಚ್ಚಿರುತ್ತದೆ. ಓಡುವ ಎಂಜಿನ್ನಿನಲ್ಲಿ ಎಣ್ಣೆಯ ಪಂಪು ಸಾಮಾನ್ಯವಾಗಿ 2ರಿಂದ 5 ಬಾರ್ ಒತ್ತಡದಲ್ಲಿ ಎಣ್ಣೆಯನ್ನು ತಳ್ಳುತ್ತಿರುತ್ತದೆ. ಆ ಒತ್ತಡವನ್ನು ಫಿಲ್ಟರಿನ ಬಾಯಲ್ಲಿ ತಡೆದು ನಿಲ್ಲಿಸುವುದು ಒಂದೇ ಒಂದು ರಬ್ಬರ್ ಬಳೆ. ಅದು ಜಾರಿದರೆ ಕೆಲವೇ ನಿಮಿಷಗಳಲ್ಲಿ ಎಂಜಿನ್ ಬರಿದಾಗುತ್ತದೆ.

ಬಿಗಿ ಮಾಡಿದರೂ ನಿಲ್ಲಲಿಲ್ಲ ಎಂಬ ನಿಮ್ಮ ಮಾತಿನಲ್ಲಿಯೇ ಕಾರಣದ ಸುಳಿವಿದೆ. ಡಬ್ಬಿಯಂತೆ ತಿರುಗಿಸಿ ಕೂರಿಸುವ ಫಿಲ್ಟರಿನಲ್ಲಿ ಸೋರಿಕೆಯನ್ನು ತಡೆಯುವುದು ಬಿಗಿತವಲ್ಲ, ಗ್ಯಾಸ್ಕೆಟ್ ಎನ್ನುವ ಆ ರಬ್ಬರ್ ಬಳೆ ಎಂಜಿನ್ನಿನ ನಯವಾದ ಲೋಹದ ಮೇಲೆ ಸುತ್ತಲೂ ಒಂದೇ ಸಮನಾಗಿ ಒತ್ತಿಕೊಂಡು ಕೂರುವ ರೀತಿ. ಕೈಯಲ್ಲಿ ಕೊಡುವ ಮುಕ್ಕಾಲು ಸುತ್ತಿನ ಬಿಗಿಯಲ್ಲಿ ಆ ರಬ್ಬರು ಎಷ್ಟು ಅಮುಕಿಕೊಳ್ಳಬೇಕೋ ಅಷ್ಟು ಅಮುಕಿಕೊಂಡಿರುತ್ತದೆ. ರೆಂಚ್ ಹಾಕಿ ಅದರ ಮೇಲೂ ತಿರುಗಿಸಿದಾಗ ರಬ್ಬರು ಹಿಂಡಿ ಹೊರಗೆ ಉಬ್ಬುತ್ತದೆ, ತಿರುಚಿಕೊಳ್ಳುತ್ತದೆ, ಕೆಲವೊಮ್ಮೆ ಹರಿಯುತ್ತದೆ. ಆದ್ದರಿಂದ ಕೂರುವ ಜಾಗದಲ್ಲಿ ದೋಷವಿದ್ದರೆ ಬಿಗಿ ಮಾಡಿದಷ್ಟೂ ಅದು ಕೆಡುತ್ತದೆಯೇ ಹೊರತು ಸರಿಹೋಗುವುದಿಲ್ಲ.

ಇಂಥ ಸೋರಿಕೆಯಲ್ಲಿ ನಾನು ಮೊದಲು ಶಂಕಿಸುವುದು ಹಳೆಯ ಗ್ಯಾಸ್ಕೆಟ್ಟನ್ನು. ಹಳೆಯ ಫಿಲ್ಟರನ್ನು ಬಿಚ್ಚಿದಾಗ, ತಿಂಗಳುಗಟ್ಟಲೆ ಬಿಸಿಯಲ್ಲಿ ಬೆಂದ ಅದರ ರಬ್ಬರ್ ಬಳೆ ಡಬ್ಬಿಯೊಂದಿಗೆ ಕೆಳಗೆ ಬರದೆ ಎಂಜಿನ್ನಿಗೇ ಅಂಟಿಕೊಂಡು ಉಳಿಯುವುದುಂಟು. ಅದರ ಮೇಲೆ ಹೊಸ ಫಿಲ್ಟರನ್ನು ಹಾಕಿದರೆ ರಬ್ಬರಿನ ಮೇಲೆ ರಬ್ಬರು ಕೂತಂತಾಗುತ್ತದೆ. ನಾನು ಕೆಲಸ ಕಲಿಯುತ್ತಿದ್ದ ದಿನಗಳಲ್ಲಿ ಇದನ್ನು ನನ್ನ ಕೈಯಾರೆ ಮಾಡಿದ್ದೇನೆ. ಸಂಜೆಯ ಹೊತ್ತು, ಬೆಳಕು ಕಡಿಮೆ, ಕಪ್ಪು ಎಣ್ಣೆ ಬಳಿದುಕೊಂಡ ಲೋಹದ ಮೇಲೆ ಅಷ್ಟೇ ಕಪ್ಪಾದ ಬಳೆ ನನ್ನ ಕಣ್ಣಿಗೆ ಬೀಳಲೇ ಇಲ್ಲ. ಫಿಲ್ಟರ್ ಹಾಕಿ ಎಂಜಿನ್ ಚಾಲೂ ಮಾಡಿದಾಗ ಮೊದಲ ಕೆಲವು ಕ್ಷಣ ಎಲ್ಲವೂ ಸರಿಯಾಗಿತ್ತು. ಆಮೇಲೆ ಒಂದು ಕಡೆಯ ರಬ್ಬರು ಜಾರಿ, ಎಣ್ಣೆ ಬೀಸಣಿಗೆಯಂತೆ ಅಗಲವಾಗಿ ಚಿಮ್ಮಿತು. ಎಂಜಿನ್ ಆರಿಸುವಷ್ಟರಲ್ಲಿ ಒಂದು ಲೀಟರಿಗೂ ಹೆಚ್ಚು ಹೊಸ ಎಣ್ಣೆ ನೆಲದ ಪಾಲಾಗಿತ್ತು. ಬಿಚ್ಚಿ ನೋಡಿದರೆ ಎರಡು ಬಳೆಗಳು ಒಂದರ ಮೇಲೊಂದು ಓರೆಯಾಗಿ ಕೂತಿದ್ದವು. ಅಂದಿನಿಂದ ನಾನು ಕಣ್ಣನ್ನು ನಂಬುವುದಿಲ್ಲ. ಹಳೆಯ ಫಿಲ್ಟರ್ ಕೆಳಗೆ ಬಂದೊಡನೆ ಅದನ್ನು ಬೋರಲು ಹಾಕದೆ ತಿರುಗಿಸಿ ನೋಡಿ ಬಳೆ ಅದರಲ್ಲೇ ಇದೆಯೇ ಎಂದು ಖಚಿತಪಡಿಸಿಕೊಳ್ಳುತ್ತೇನೆ. ಆಮೇಲೆ ಎಂಜಿನ್ನಿನ ಆ ಜಾಗವನ್ನು ಬಟ್ಟೆಯಿಂದ ಒರೆಸಿ, ಬೆರಳ ತುದಿಯನ್ನು ಸುತ್ತಲೂ ಒಂದು ಸಲ ಆಡಿಸುತ್ತೇನೆ. ಲೋಹ ತಣ್ಣಗೆ ನಯವಾಗಿ ಸಿಕ್ಕಬೇಕು. ಎಲ್ಲಾದರೂ ಬೆರಳು ತಡೆದರೆ ಅಲ್ಲಿ ಏನೋ ಉಳಿದಿದೆ ಎಂದರ್ಥ.

ಎರಡನೆಯ ಶಂಕೆ, ಹೊಸ ಗ್ಯಾಸ್ಕೆಟ್ಟಿಗೆ ಎಣ್ಣೆ ಹಚ್ಚದೆ ಒಣಗಿದ್ದಂತೆಯೇ ಕೂರಿಸಿರುವುದು. ಒಣ ರಬ್ಬರು ಲೋಹದ ಮೇಲೆ ಜಾರುವುದಿಲ್ಲ. ತಿರುಗಿಸುವಾಗ ಹಿಡಿದುಕೊಂಡು ತಾನು ಕೂತ ತೋಡಿನಿಂದ ಎದ್ದು ಮಡಚಿಕೊಳ್ಳುತ್ತದೆ. ಹೊಸ ಎಣ್ಣೆಯಲ್ಲಿ ಬೆರಳದ್ದಿ ಬಳೆಯ ಸುತ್ತ ಸವರಿದರೆ ಈ ತೊಂದರೆ ಬರುವುದೇ ಇಲ್ಲ.

ಮೂರನೆಯದು ಸಾಮಾನ್ಯವಲ್ಲ, ಆದರೆ ಅಪಾಯದ ದೃಷ್ಟಿಯಿಂದ ಎಲ್ಲಕ್ಕಿಂತ ದೊಡ್ಡದು. ಅದು ಎಂಜಿನ್ನಿನ ಸ್ಟಡ್ಡಿಗೆ, ಎಂದರೆ ಫಿಲ್ಟರನ್ನು ತಿರುಗಿಸಿ ಕೂರಿಸುವ ತುಂಡು ಕೊಳವೆಗೆ, ಥ್ರೆಡ್ (ತಿರುಪಿನ ಸುತ್ತು) ಹೊಂದಿಕೊಳ್ಳದ ಫಿಲ್ಟರ್. ಕಾರುಗಳಲ್ಲಿ ಬಹಳವಾಗಿ ಕಾಣುವ ಎರಡು ಅಳತೆಗಳಿವೆ. ಒಂದು 20 ಮಿ.ಮೀ. ದಪ್ಪದ ಮೆಟ್ರಿಕ್ ಥ್ರೆಡ್, ಅದರ ಸುತ್ತುಗಳ ನಡುವಿನ ಅಂತರ 1.5 ಮಿ.ಮೀ. ಇನ್ನೊಂದು ಮುಕ್ಕಾಲು ಇಂಚಿನದು, ಎಂದರೆ 19.05 ಮಿ.ಮೀ. ದಪ್ಪ, ಇಂಚಿಗೆ 16 ಸುತ್ತು, ಎಂದರೆ ಸುಮಾರು 1.59 ಮಿ.ಮೀ. ಅಂತರ. ಎರಡೂ ಎಷ್ಟು ಹತ್ತಿರವೆಂದರೆ, ಮುಕ್ಕಾಲು ಇಂಚಿನ ಸ್ಟಡ್ಡಿನ ಮೇಲೆ 20 ಮಿ.ಮೀ.ನ ಫಿಲ್ಟರ್ ಸಲೀಸಾಗಿ ತಿರುಗಿ ಕೂರುತ್ತದೆ, ಕೈಗೆ ಬಿಗಿಯಾದಂತೆಯೂ ಅನಿಸುತ್ತದೆ. ಆದರೆ ಥ್ರೆಡ್ಡುಗಳು ಒಂದನ್ನೊಂದು ತುದಿಯಲ್ಲಷ್ಟೇ ಹಿಡಿದಿರುತ್ತವೆ. ಒತ್ತಡ ಬಿದ್ದಾಗ ಡಬ್ಬಿ ಇಡಿಯಾಗಿ ಕಳಚಿ ಬೀಳಬಹುದು. ಹಳೆಯ ಫಿಲ್ಟರಿನಷ್ಟೇ ದಪ್ಪ, ಅಷ್ಟೇ ಎತ್ತರ ಇದೆ ಎಂಬುದನ್ನು ನೋಡಿ ಫಿಲ್ಟರ್ ಕೊಳ್ಳುವ ಅಭ್ಯಾಸ ಸರಿಯಲ್ಲ. ನಿಮ್ಮ ಕಾರಿನ ಮಾದರಿ, ಎಂಜಿನ್, ತಯಾರಾದ ವರ್ಷ ಇವುಗಳಿಗೆ ಕೈಪಿಡಿಯಲ್ಲೋ ತಯಾರಕರ ಪಟ್ಟಿಯಲ್ಲೋ ಕೊಟ್ಟಿರುವ ಭಾಗದ ಸಂಖ್ಯೆಯನ್ನೇ ನೋಡಿ ಕೊಳ್ಳಬೇಕು. ಹೊರಗಿನ ಆಕಾರ ಒಂದೇ ಇದ್ದರೂ ಒಳಗಿನ ವಾಲ್ವುಗಳು ಬೇರೆಯಾಗಿರಬಹುದು ಎಂಬುದು ಇನ್ನೊಂದು ಕಾರಣ.

ಇಷ್ಟು ಹೇಳಿದ ಮೇಲೂ, ಸೋರುತ್ತಿರುವುದು ಫಿಲ್ಟರೇ ಎಂದು ಮೊದಲು ಸಾಬೀತಾಗಬೇಕು. ಹಳೆಯ ಫಿಲ್ಟರ್ ಬಿಚ್ಚುವಾಗ ಎಂಜಿನ್ನಿನ ಸಂದುಗೊಂದುಗಳಿಗೆ ಚೆಲ್ಲಿದ ಎಣ್ಣೆ ಒಂದೆರಡು ದಿನ ಇಳಿದು ಬೀಳುವುದುಂಟು. ಎಣ್ಣೆ ಇಳಿಸುವ ತೂತನ್ನು ಮುಚ್ಚುವ ಡ್ರೇನ್ ಪ್ಲಗ್ಗಿನ ಹಳೆಯ ವಾಷರನ್ನೇ ಮತ್ತೆ ಹಾಕಿದ್ದರೆ ಅಲ್ಲಿಂದಲೂ ತೊಟ್ಟಿಕ್ಕುತ್ತದೆ. ತಾಮ್ರದ ಅಥವಾ ಅಲ್ಯೂಮಿನಿಯಮ್ ವಾಷರ್ ಒಂದು ಸಲ ಅಮುಕಿಕೊಂಡ ಮೇಲೆ ಇನ್ನೊಂದು ಸಲ ಅದೇ ನಂಬಿಕೆಗೆ ಯೋಗ್ಯವಲ್ಲ. ಆದ್ದರಿಂದ ಎಂಜಿನ್ ತಣ್ಣಗಿರುವಾಗ ಫಿಲ್ಟರಿನ ಸುತ್ತಲನ್ನೂ ಸಂಪಿನ (ಎಂಜಿನ್ನಿನ ಅಡಿಯಲ್ಲಿ ಎಣ್ಣೆ ನಿಲ್ಲುವ ತಟ್ಟೆಯ) ತಳವನ್ನೂ ಒಣಬಟ್ಟೆಯಿಂದ ಸಂಪೂರ್ಣವಾಗಿ ಒರೆಸಿ. ಡಿಪ್‌ಸ್ಟಿಕ್ಕಿನಲ್ಲಿ ಮಟ್ಟ ನೋಡಿ, ಕಡಿಮೆಯಿದ್ದರೆ ತುಂಬಿ, ಕೆಳಗೆ ಒಂದು ಬಿಳಿ ರಟ್ಟನ್ನು ಹಾಸಿ, ಎಂಜಿನ್ನನ್ನು ಅರ್ಧ ನಿಮಿಷ ಮಾತ್ರ ಚಾಲೂ ಮಾಡಿ ಆರಿಸಿ. ಟಾರ್ಚ್ ಹಿಡಿದು ಕೆಳಗಿನಿಂದಲ್ಲ, ಮೇಲಿನಿಂದ ಕೆಳಕ್ಕೆ ನೋಡುತ್ತ ಬನ್ನಿ: ಎಣ್ಣೆ ಇಳಿಯುವುದು ಕೆಳಮುಖವಾಗಿ, ಒದ್ದೆಯಾದ ಜಾಗಗಳಲ್ಲಿ ಎಲ್ಲಕ್ಕಿಂತ ಮೇಲಿನದೇ ಅದರ ಮೂಲ. ಫಿಲ್ಟರಿನ ಬಾಯಿಯ ಸುತ್ತ ಒದ್ದೆಯಿದ್ದರೆ ಅದನ್ನು ಬಿಚ್ಚಿ. ಬಹುತೇಕ ಎಂಜಿನ್ನುಗಳಲ್ಲಿ ಇದಕ್ಕಾಗಿ ಸಂಪಿನ ಎಣ್ಣೆಯನ್ನು ಇಳಿಸಬೇಕಾಗಿಲ್ಲ. ಫಿಲ್ಟರಿನೊಳಗಿನ ಮತ್ತು ಅದರ ದಾರಿಯಲ್ಲಿರುವ ಎಣ್ಣೆಯಷ್ಟೇ ಬೀಳುತ್ತದೆ. ರೆಂಚಿನಿಂದ ಬಿಗಿಸಿದ ಈ ಫಿಲ್ಟರನ್ನು ಮಾತ್ರ ಮತ್ತೆ ಬಳಸಬೇಡಿ, ಅದರ ಗ್ಯಾಸ್ಕೆಟ್ ಈಗಾಗಲೇ ಆಕಾರ ಕಳೆದುಕೊಂಡಿರುತ್ತದೆ.

ಇನ್ನು ಒಂದು ಸಲ ಬಿಟ್ಟು ಒಂದು ಸಲ ಎಂಬ ಸಲಹೆ. ನಿಮಗೆ ಅದನ್ನು ಹೇಳಿದವರು ಸುಳ್ಳು ಹೇಳಿಲ್ಲ. ಒಂದು ಕಾಲಕ್ಕೆ ಸರಿಯಾಗಿದ್ದ ಮಾತನ್ನು ಹೇಳಿದ್ದಾರೆ. ಅಮೆರಿಕದಲ್ಲಿ 1923ರಲ್ಲಿ ಅರ್ನೆಸ್ಟ್ ಸ್ವೀಟ್‌ಲ್ಯಾಂಡ್ ಮತ್ತು ಜಾರ್ಜ್ ಗ್ರೀನ್‌ಹಾಲ್ಜ್ ಎಂಬುವರು ಮೋಟಾರು ವಾಹನದ ಎಣ್ಣೆಗೆಂದು ಪ್ಯೂರೋಲೇಟರ್ ಎಂಬ ಫಿಲ್ಟರನ್ನು ರೂಪಿಸುವುದಕ್ಕೆ ಮುನ್ನ, ಎಣ್ಣೆಗೆ ತಂತಿಬಲೆಯ ಜರಡಿಗಿಂತ ಹೆಚ್ಚಿನ ರಕ್ಷಣೆ ಇರಲಿಲ್ಲ. ಮತ್ತೆ ಮತ್ತೆ ಎಣ್ಣೆ ಬದಲಿಸುವುದೊಂದೇ ದಾರಿಯಾಗಿತ್ತು. ಫಿಲ್ಟರ್ ಬಂದ ಮೇಲೂ ಬಹುಕಾಲ ಎಣ್ಣೆ ಬದಲಾವಣೆಯ ಅವಧಿ ಚಿಕ್ಕದಾಗಿಯೇ ಇತ್ತು. 5,000 ಕಿ.ಮೀ.ಗೊಮ್ಮೆ ಎಣ್ಣೆ ಬದಲಿಸುವಾಗ ಫಿಲ್ಟರನ್ನು 10,000 ಕಿ.ಮೀ. ಉಳಿಸಿಕೊಳ್ಳಲು ಕೆಲವು ತಯಾರಕರ ಕೈಪಿಡಿಗಳೇ ಒಪ್ಪಿಗೆ ಕೊಟ್ಟಿದ್ದವು. ಇಂದು ಅನೇಕ ಕಾರುಗಳಲ್ಲಿ ಎಣ್ಣೆಯ ಅವಧಿಯೇ 10,000 ಕಿ.ಮೀ. ಅಥವಾ ಒಂದು ವರ್ಷ. ಅದೇ ಲೆಕ್ಕವನ್ನು ಇಲ್ಲಿಗೂ ತಂದರೆ ಫಿಲ್ಟರ್ 20,000 ಕಿ.ಮೀ., ಎರಡು ವರ್ಷ ಉಳಿಯಬೇಕಾಗುತ್ತದೆ. ನಿಮ್ಮ ಕಾರಿನ ಕೈಪಿಡಿ ಸ್ಪಷ್ಟವಾಗಿ ಬೇರೆ ಹೇಳದ ಹೊರತು, ಎಣ್ಣೆ ಬದಲಿಸಿದ ಪ್ರತಿ ಸಲವೂ ಫಿಲ್ಟರನ್ನು ಬದಲಿಸಿ ಎಂಬುದೇ ನನ್ನ ಉತ್ತರ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣ ಫಿಲ್ಟರಿನೊಳಗೇ ಇದೆ. ಪಂಪಿನಿಂದ ಬಂದ ಎಣ್ಣೆ ಡಬ್ಬಿಯ ಅಂಚಿನ ಸಣ್ಣ ತೂತುಗಳಿಂದ ಒಳಹೊಕ್ಕು, ನೆರಿಗೆ ಹಿಡಿದ ಸೋಸುಕಾಗದವನ್ನು ಹೊರಗಿನಿಂದ ಒಳಕ್ಕೆ ದಾಟಿ, ನಡುವಿನ ದೊಡ್ಡ ತೂತಿನಿಂದ ಬೇರಿಂಗುಗಳ ಕಡೆಗೆ ಹೊರಡುತ್ತದೆ. ಕಾರು ವೇಗವಾಗಿ ಓಡುವಾಗ ಸಂಪಿನ ಎಣ್ಣೆಯೆಲ್ಲ ನಿಮಿಷಕ್ಕೆ ಹಲವು ಸಲ ಈ ದಾರಿಯಲ್ಲಿ ಸುತ್ತುತ್ತದೆ. ಮನುಷ್ಯನ ಕೂದಲಿನ ದಪ್ಪ ಸುಮಾರು 70 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗವೇ ಒಂದು ಮೈಕ್ರಾನ್) ಇದ್ದರೆ, ಒಳ್ಳೆಯ ಫಿಲ್ಟರ್ 20–30 ಮೈಕ್ರಾನಿನ ಕಣಗಳಲ್ಲಿ ಹೆಚ್ಚಿನವನ್ನು ಹಿಡಿಯುತ್ತದೆ. ಎಂಜಿನ್ನಿನ ಮುಖ್ಯ ತಿರುಗುದಂಡವಾದ ಕ್ರ್ಯಾಂಕ್‌ಶಾಫ್ಟ್ ಮತ್ತು ಅದನ್ನು ಹೊರುವ ಬೇರಿಂಗಿನ ನಡುವಿನ ಎಣ್ಣೆಯ ಪದರ ಭಾರ ಬಿದ್ದಾಗ ಕೆಲವೇ ಮೈಕ್ರಾನುಗಳಿಗೆ ಇಳಿಯುವುದರಿಂದ, ಈ ಕಣಗಳು ಅಲ್ಲಿಗೆ ಹೋದರೆ ಅರದ ಕೆಲಸ ಮಾಡುತ್ತವೆ.

ಈಗ ಆ ಕಾಗದ ಕಟ್ಟಿಕೊಂಡಿತು ಎಂದಿಟ್ಟುಕೊಳ್ಳಿ. ಎಣ್ಣೆಯೇ ತಲುಪದೆ ಬೇರಿಂಗು ಸುಟ್ಟುಹೋಗಬಾರದೆಂದು, ಫಿಲ್ಟರಿನೊಳಗೆ ಅಥವಾ ಕೆಲವು ಎಂಜಿನ್ನುಗಳಲ್ಲಿ ಬ್ಲಾಕಿನಲ್ಲಿಯೇ, ಸ್ಪ್ರಿಂಗಿನ ಮೇಲೆ ಕೂತ ಬೈಪಾಸ್ ವಾಲ್ವ್ ಇರುತ್ತದೆ. ಕಾಗದದ ಎರಡು ಬದಿಯ ಒತ್ತಡದ ಅಂತರ ಸುಮಾರು 1 ಬಾರ್ ಆಸುಪಾಸಿಗೆ ಏರಿದಾಗ ಅದು ತೆರೆದುಕೊಂಡು ಸೋಸದ ಎಣ್ಣೆಯನ್ನೇ ಮುಂದಕ್ಕೆ ಬಿಡುತ್ತದೆ. ಇದು ಬಹಳ ಒಳ್ಳೆಯ ಏರ್ಪಾಡು. ಆದರೆ ಇದರ ಫಲವಾಗಿ ಚಾಲಕನಿಗೆ ಏನೂ ತಿಳಿಯುವುದಿಲ್ಲ. ಎಣ್ಣೆಯ ಒತ್ತಡ ತೀರಾ ಕುಸಿದಾಗ ಮಾತ್ರ ಹತ್ತುವ ಕೆಂಪು ದೀಪ ಹತ್ತುವುದಿಲ್ಲ, ಸದ್ದು ಬದಲಾಗುವುದಿಲ್ಲ, ಎಂಜಿನ್ನಿನ ಎಳೆತ ಕುಗ್ಗುವುದಿಲ್ಲ. ಕೊಳೆ ಎಣ್ಣೆ ಸದ್ದಿಲ್ಲದೆ ತಿರುಗುತ್ತಿರುತ್ತದೆ. ಏರ್ ಫಿಲ್ಟರನ್ನು ತೆಗೆದು ನೋಡಿ ಇನ್ನೂ ಬಾಳಿಕೆ ಬರುತ್ತದೆ ಎಂದು ನಿರ್ಧರಿಸಬಹುದು. ಮುಚ್ಚಿದ ಡಬ್ಬಿಯ ವಿಷಯದಲ್ಲಿ ಆ ಅವಕಾಶವಿಲ್ಲದ್ದರಿಂದ ಕಿಲೋಮೀಟರು ಮತ್ತು ಕಾಲದ ಲೆಕ್ಕವನ್ನೇ ನಂಬಬೇಕು. ಜೊತೆಗೆ ಹಳೆಯ ಡಬ್ಬಿಯನ್ನು ಉಳಿಸಿಕೊಂಡರೆ ಅದರೊಳಗಿನ ಕಾಲು ಲೀಟರಿನಿಂದ ಅರ್ಧ ಲೀಟರಿನಷ್ಟು ಹಳೆಯ ಎಣ್ಣೆ ಹೊಸದರೊಂದಿಗೆ ಬೆರೆಯುತ್ತದೆ.

ಮುದಿಯಾದ ಫಿಲ್ಟರ್ ಕೆಲವೊಮ್ಮೆ ಒಂದು ಸುಳಿವನ್ನು ಮಾತ್ರ ಕೊಡುತ್ತದೆ. ಎಂಜಿನ್ ನಿಂತಾಗ ಎಣ್ಣೆ ಹಿಂದಕ್ಕೆ ಇಳಿದುಹೋಗದಂತೆ ತಡೆಯಲು, ಅದರಲ್ಲೂ ಅಡ್ಡಲಾಗಿ ಅಥವಾ ಬೋರಲಾಗಿ ಕೂರುವ ಫಿಲ್ಟರುಗಳಲ್ಲಿ, ರಬ್ಬರಿನ ತೆಳು ಪದರದ ಒಂದು ವಾಲ್ವ್ ಇರುತ್ತದೆ. ಅದು ಗಟ್ಟಿಯಾದರೆ ರಾತ್ರಿಯಿಡೀ ಡಬ್ಬಿ ಖಾಲಿಯಾಗಿ, ಬೆಳಿಗ್ಗೆ ಚಾಲೂ ಮಾಡಿದಾಗ ಎರಡು ಮೂರು ಸೆಕೆಂಡ್ ಎಂಜಿನ್ನಿನಿಂದ ಒಣ ಕಟಕಟ ಸದ್ದು ಕೇಳಿಸುತ್ತದೆ. ಎಣ್ಣೆಯ ಬಣ್ಣವಾದರೋ ಫಿಲ್ಟರಿನ ಬಗ್ಗೆ ಏನನ್ನೂ ಹೇಳುವುದಿಲ್ಲ. ಎಣ್ಣೆಯನ್ನು ಕಪ್ಪಾಗಿಸುವ ಮಸಿಯ ಕಣಗಳು ಬಹುಪಾಲು ಒಂದು ಮೈಕ್ರಾನಿಗಿಂತ ಸಣ್ಣವು, ಅವನ್ನು ಯಾವ ಸಾಮಾನ್ಯ ಫಿಲ್ಟರೂ ಹಿಡಿಯದು. ಹೊಸ ಫಿಲ್ಟರ್ ಹಾಕಿದ್ದೇನೆ, ಎಣ್ಣೆ ಹಳೆಯದೇ ಇರಲಿ ಎನ್ನುವುದೂ ಇದೇ ಕಾರಣಕ್ಕೆ ತಪ್ಪು.

ಮುಂದಿನ ಸಲ ನೀವೇ ಈ ಕೆಲಸ ಮಾಡುವುದಾದರೆ, ಖಂಡಿತ ಮಾಡಿ, ಇದು ಕಲಿಯಬಹುದಾದ ಕೆಲಸ. ಎಂಜಿನ್ ಐದು ನಿಮಿಷ ಓಡಿ ಬೆಚ್ಚಗಿದ್ದರೆ ಎಣ್ಣೆ ಚೆನ್ನಾಗಿ ಇಳಿಯುತ್ತದೆ. ದೂರ ಓಡಿಸಿ ಬಂದ ಕೂಡಲೇ ಕೈ ಹಾಕಿದರೆ ಎಣ್ಣೆಯೂ ಸೈಲೆನ್ಸರಿನ ಕೊಳವೆಯೂ ಚರ್ಮ ಸುಡುತ್ತವೆ. ಕೇವಲ ಜಾಕ್ ಮೇಲೆ ನಿಂತ ಕಾರಿನ ಅಡಿಗೆ ಯಾವ ಕಾರಣಕ್ಕೂ ಮೈ ಒಡ್ಡಬೇಡಿ. ಸಮತಟ್ಟಾದ ಗಟ್ಟಿ ನೆಲ, ಹ್ಯಾಂಡ್ ಬ್ರೇಕ್, ನೆಲದಲ್ಲಿರುವ ಚಕ್ರಗಳಿಗೆ ಅಡ್ಡ ಕಲ್ಲು ಅಥವಾ ಮರದ ತುಂಡು, ಕಾರಿನ ಭಾರ ಹೊರಲು ಸ್ಟ್ಯಾಂಡುಗಳು, ಇಷ್ಟೂ ಇದ್ದಾಗಲೇ ಕೆಳಗೆ ಹೋಗಬೇಕು. ಹಳೆಯ ಎಣ್ಣೆಯಲ್ಲಿ ಚರ್ಮಕ್ಕೆ ಹಾನಿಕರವಾದ ಸಂಯುಕ್ತಗಳು ಇರುವುದರಿಂದ ಕೈಗವಸು ಹಾಕಿಕೊಳ್ಳಿ.

ಎಣ್ಣೆ ಇಳಿಸಿ, ಹೊಸ ವಾಷರಿನೊಂದಿಗೆ ಡ್ರೇನ್ ಪ್ಲಗ್ಗನ್ನು ಕೈಪಿಡಿಯಲ್ಲಿ ಹೇಳಿದ ಬಿಗಿತಕ್ಕೆ ಹಾಕಿದ ಮೇಲೆ ಫಿಲ್ಟರಿಗೆ ಬನ್ನಿ. ಹಳೆಯದು ಕೈಗೆ ಬಗ್ಗದಿದ್ದರೆ ಅದರ ತಲೆಗೆ ಸರಿಯಾಗಿ ಕೂರುವ ಕ್ಯಾಪ್ ರೆಂಚ್ ಅಥವಾ ಪಟ್ಟಿಯ ರೆಂಚ್ ಬಳಸಿ. ರೆಂಚಿನ ಉಪಯೋಗ ಬಿಚ್ಚುವುದಕ್ಕೆ ಮಾತ್ರ. ಡಬ್ಬಿಗೆ ಸ್ಕ್ರೂಡ್ರೈವರ್ ಚುಚ್ಚಿ ತಿರುಗಿಸುವ ಉಪಾಯವನ್ನು ನಾನು ಯಾರಿಗೂ ಹೇಳಿಕೊಡುವುದಿಲ್ಲ. ತಗಡು ಹರಿದು, ಹಿಡಿಯಲು ಏನೂ ಉಳಿಯದಂತಾಗುವುದನ್ನು ಹಲವು ಸಲ ಕಂಡಿದ್ದೇನೆ. ಕೂರುವ ಜಾಗವನ್ನು ಒರೆಸಿ, ಬೆರಳಾಡಿಸಿ, ಹೊಸ ಗ್ಯಾಸ್ಕೆಟ್ಟಿಗೆ ಎಣ್ಣೆ ಸವರಿ, ಫಿಲ್ಟರನ್ನು ಕೈಯಲ್ಲಿ ತಿರುಗಿಸುತ್ತ ಹೋಗಿ. ರಬ್ಬರು ಲೋಹವನ್ನು ಮುಟ್ಟಿದ ಕ್ಷಣ ಕೈಗೆ ತಿಳಿಯುತ್ತದೆ, ಅಲ್ಲಿಯವರೆಗೆ ಹಗುರವಾಗಿದ್ದ ತಿರುಗಾಟ ಮೆತ್ತಗೆ ಭಾರವಾಗುತ್ತದೆ. ಅಲ್ಲಿ ಡಬ್ಬಿಯ ಮೇಲೆ ಪೆನ್ನಿನಿಂದ ಒಂದು ಗುರುತು ಹಾಕಿ, ಅಲ್ಲಿಂದ ಮುಂದೆ ಸಾಮಾನ್ಯವಾಗಿ ಮುಕ್ಕಾಲು ಸುತ್ತು, ಅಥವಾ ಆ ಫಿಲ್ಟರಿನ ಮೇಲೆಯೇ ಅಚ್ಚಾಗಿರುವಷ್ಟು, ತಿರುಗಿಸಿ ನಿಲ್ಲಿಸಿ. ಬಾಯಿ ಮೇಲಾಗಿ ನೇರವಾಗಿ ಕೂರುವ ಫಿಲ್ಟರಾದರೆ ಅರ್ಧದಷ್ಟು ಹೊಸ ಎಣ್ಣೆಯನ್ನು ಮೊದಲೇ ತುಂಬಿಸುವುದು ಒಳ್ಳೆಯದು, ಆದರೆ ಆಗಷ್ಟೇ ಸೀಲು ಒಡೆದ ಹೊಸ ಕ್ಯಾನಿನ ಶುದ್ಧ ಎಣ್ಣೆಯನ್ನೇ ಹಾಕಬೇಕು, ಏಕೆಂದರೆ ನಡುತೂತಿಗೆ ಬಿದ್ದ ಎಣ್ಣೆ ಸೋಸದೆಯೇ ಬೇರಿಂಗಿಗೆ ಹೋಗುತ್ತದೆ.

ಕೆಲವು ಕಾರುಗಳಲ್ಲಿ ಡಬ್ಬಿಯ ಬದಲು ಒಳಗಿನ ಕಾಗದದ ಸುರುಳಿಯನ್ನಷ್ಟೇ ಬದಲಿಸುವ ಬಗೆಯ ಫಿಲ್ಟರ್ ಇರುತ್ತದೆ. ಅದರಲ್ಲಿ ಮುಚ್ಚಳದ ಓ-ರಿಂಗನ್ನು (ರಬ್ಬರಿನ ಉಂಗುರವನ್ನು) ಪ್ರತಿ ಸಲವೂ ಬದಲಿಸಬೇಕು, ಅದೂ ಹಳೆಯದು ಕೂತಿದ್ದ ತೋಡಿನಲ್ಲಿಯೇ ಕೂರಿಸಬೇಕು. ಮುಚ್ಚಳದ ಬಿಗಿತ ಅನೇಕ ಸಲ ಅದರ ಮೇಲೆಯೇ ಬರೆದಿರುತ್ತದೆ; 25 ನ್ಯೂಟನ್ ಮೀಟರ್ ಸಾಮಾನ್ಯವಾಗಿ ಕಾಣುವ ಅಂಕಿ. ಪ್ಲಾಸ್ಟಿಕ್ ಮುಚ್ಚಳವಾದರೆ ಬಿಗಿತವನ್ನು ಅಳೆದು ತೋರಿಸುವ ಟಾರ್ಕ್ ರೆಂಚ್ ಇಲ್ಲದೆ ಬಿಗಿಸಬೇಡಿ, ಸೀಳುತ್ತದೆ.

ಎಣ್ಣೆಯನ್ನು ಕೈಪಿಡಿಯ ಅಳತೆಗಿಂತ ಅರ್ಧ ಲೀಟರ್ ಕಡಿಮೆ ತುಂಬಿ ಎಂಜಿನ್ ಚಾಲೂ ಮಾಡಿ, ಆಕ್ಸಿಲರೇಟರ್ ಮುಟ್ಟಬೇಡಿ. ಕೆಂಪು ದೀಪ ಕೆಲವೇ ಸೆಕೆಂಡುಗಳಲ್ಲಿ ಆರಬೇಕು. ಆರದಿದ್ದರೆ ಆ ಕ್ಷಣವೇ ಎಂಜಿನ್ ನಿಲ್ಲಿಸಿ. ಒಂದು ನಿಮಿಷದ ಬಳಿಕ ಆರಿಸಿ, ಫಿಲ್ಟರ್ ಮತ್ತು ಪ್ಲಗ್ಗಿನ ಸುತ್ತ ಟಾರ್ಚ್ ಬೆಳಕಿನಲ್ಲಿ ನೋಡಿ, ಐದು ಹತ್ತು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ನೋಡಿ. ಹೊಸ ಫಿಲ್ಟರ್ ತನ್ನ ಪಾಲಿನ ಎಣ್ಣೆಯನ್ನು ಕುಡಿದಿರುವುದರಿಂದ ಮಟ್ಟ ಇಳಿದಿರುತ್ತದೆ. ಸ್ವಲ್ಪ ಸ್ವಲ್ಪವಾಗಿ ಮೇಲಿನ ಗುರುತಿಗೆ ತನ್ನಿ, ದಾಟಿಸಬೇಡಿ. ಹೆಚ್ಚಾದ ಎಣ್ಣೆಯನ್ನು ಕ್ರ್ಯಾಂಕ್‌ಶಾಫ್ಟ್ ಕಡೆದು ನೊರೆಯಾಗಿಸುತ್ತದೆ, ನೊರೆಯೊಳಗಿನ ಗಾಳಿ ಬೇರಿಂಗನ್ನು ಕಾಯಲಾರದು.

ಹಳೆಯ ಡಬ್ಬಿಯನ್ನು ಒಂದು ರಾತ್ರಿ ಬೋರಲು ಹಾಕಿ ಎಣ್ಣೆ ಇಳಿಸಿ, ಇಳಿದ ಎಣ್ಣೆಯೊಂದಿಗೆ ಮುಚ್ಚಳವಿರುವ ಕ್ಯಾನಿನಲ್ಲಿ, ಬಳಸಿದ ಎಣ್ಣೆಯನ್ನು ಮರುಬಳಕೆಗೆ ಸ್ವೀಕರಿಸುವಲ್ಲಿಗೆ ತಲುಪಿಸಿ. ಚರಂಡಿಗಾಗಲಿ ಮಣ್ಣಿಗಾಗಲಿ ಒಂದು ಹನಿಯೂ ಹೋಗಬಾರದು. ಕೊಡುವ ಮುನ್ನ, ಕಾಗದದ ಸುರುಳಿಯ ಬಗೆಯದಾದರೆ ನೆರಿಗೆಗಳನ್ನು ಬಿಡಿಸಿ ಬೆಳಕಿಗೆ ಹಿಡಿದು ನೋಡಿ. ಕಪ್ಪು ಮಸಿ ಸಹಜ. ಮಿರಮಿರ ಮಿನುಗುವ ಲೋಹದ ಚೂರುಗಳು ಕಂಡರೆ ಕಾಗದದ ಹತ್ತಿರ ಒಂದು ಅಯಸ್ಕಾಂತ ಹಿಡಿಯಿರಿ: ಅಂಟಿದರೆ ಕಬ್ಬಿಣದ್ದು, ಅಂಟದೆ ತಾಮ್ರದ ಬಣ್ಣದಲ್ಲಿ ಅಥವಾ ಬೆಳ್ಳಗೆ ಹೊಳೆದರೆ ಬೇರಿಂಗಿನದ್ದಾಗಿರುವ ಸಾಧ್ಯತೆ ಹೆಚ್ಚು. ಅಂಥ ಸಂದರ್ಭದಲ್ಲಿ ಕಾರನ್ನು ಓಡಿಸದೆ, ಆ ಕಾಗದವನ್ನು ಹಾಗೆಯೇ ಸುತ್ತಿಟ್ಟುಕೊಂಡು ಮೆಕ್ಯಾನಿಕ್‌ಗೆ ತೋರಿಸಿ.